ಹನ್ನೊಂದನೇ ಮೈಲಿಯ ಗುಂಡಿ

"ಹೆದ್ದಾರಿಗೆ ಉಣ್ಣಿ ಥರ ಕಚ್ಕೊಂಡಿದೀರಲ್ರೇ, ಥೂ! ಸೋಮವಾರ ಜೆಸಿಬಿ ಬರುತ್ತೆ. ಅಷ್ಟ್ರೊಳಗೆ ನಿಮ್ ತಪಲೆ ಚೊಂಬು ಎತ್ಕೊಂಡು ಜಾಗ ಖಾಲಿ ಮಾಡಿ."

ಇಂಜಿನಿಯರ್ ಸಾಹೇಬರು ಇಷ್ಟನ್ನೂ ಜೀಪಿನಿಂದ ಇಳಿಯದೆ, ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿ ಹೇಳಿದರು. ನಮ್ಮ ಗಾಳಿ ಸೋಕಿದರೆ ಅಂಗಿಯ ಇಸ್ತ್ರಿ ಮುರಿಯುತ್ತಿತ್ತೇನೋ. ನಾವು ಏಳು ಹೆಂಗಸರು, ಹೆದ್ದಾರಿ ಗ್ಯಾಂಗಿನವರು, ಕಾಲಿಗೆ ಗೋಣಿಚೀಲ ಸುತ್ತಿಕೊಂಡು ಅವರದೇ ರಸ್ತೆಯ ಗುಂಡಿಗೆ ಬಿಸಿ ಡಾಂಬರು ಸುರಿಯುತ್ತಿದ್ದೆವು. ಖಾಲಿ ಮಾಡಬೇಕಾದ ಹದಿನೇಳು ಮನೆಗಳು ಹತ್ತು ಹೆಜ್ಜೆ ಆಚೆ ಸಾಲಾಗಿ ನಿಂತಿದ್ದವು. ನಮ್ಮ ಮನೆಗಳೇ. ರಸ್ತೆ ಅಗಲ ಮಾಡಬೇಕಂತೆ. ಬಾಗಿಲು ಬಾಗಿಲಿಗೂ 'ಒತ್ತುವರಿ' ಎಂದು ಚೀಟಿ ಅಂಟಿಸಿ ಹೋಗಿದ್ದರು.

ಯಾರು ಯಾರ ಜಾಗಕ್ಕೆ ನುಗ್ಗಿದರು ಅಂತ ತಿಳಿಯಬೇಕಾದರೆ ಈ ಹೆದ್ದಾರಿಯ ಚರಿತ್ರೆ ಕೇಳಬೇಕು. ರೈಲು ನಿಲ್ದಾಣದಿಂದ ಹೊರಟ ರಸ್ತೆ ಹತ್ತು ಮೈಲಿ ಗೆರೆ ಎಳೆದ ಹಾಗೆ ನೆಟ್ಟಗೆ ಬರುತ್ತದೆ. ಹನ್ನೊಂದನೇ ಮೈಲಿಯಲ್ಲಿ ಧಣಿಯ ತೋಟದ ಬೇಲಿ ಕಂಡ ಕೂಡಲೇ ಸೊಂಟ ಬಗ್ಗಿಸಿ ಸುತ್ತು ಹಾಕಿಕೊಂಡು ಹೋಗುತ್ತದೆ. ಬಸ್ಸಿನ ಡ್ರೈವರುಗಳು ಅದನ್ನು ನಮಸ್ಕಾರದ ತಿರುವು ಎನ್ನುತ್ತಾರೆ. ಈಗಿನ ಧಣಿಯ ಅಪ್ಪ ಅಳತೆಗೆ ಬಂದವರನ್ನು ಮೂರು ದಿನ ಮನೆಯಲ್ಲಿಟ್ಟುಕೊಂಡು ತಿನ್ನಿಸಿ ಕುಡಿಸಿದ. ನಾಲ್ಕನೇ ದಿನ ಗೂಟಗಳು ತೋಟದಿಂದ ಎದ್ದು ನಮ್ಮ ಕೇರಿಗೆ ಬಂದವು. ಕೇರಿ ಕಿತ್ತರು. ಕೇರಿಯ ಬಾವಿಗೆ ಕಲ್ಲು ಮಣ್ಣು ಸುರಿಸಿದರು. ಸುರಿದವರೂ ನಮ್ಮವರೇ! ನಮ್ಮತ್ತೆ ಆಗಿನ್ನೂ ಹೊಸ ಸೊಸೆ. ಬೆಳಿಗ್ಗೆ ಅದೇ ಬಾವಿಯಲ್ಲಿ ನೀರು ಸೇದಿದವಳು ಮಧ್ಯಾಹ್ನ ಅದೇ ಬಾವಿಗೆ ಮಣ್ಣು ಹೊತ್ತಳು. ಮಣ್ಣಿನ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಡಾಂಬರು ಬಿತ್ತು. ನಮ್ಮವರು ರಸ್ತೆಯ ಅಂಚಿಗೆ ಸರಿದು ಗೋಡೆ ಎಬ್ಬಿಸಿಕೊಂಡು, ಅದೇ ರಸ್ತೆಯ ಕೂಲಿಗೆ ನಿಂತರು.

ಮಾರನೆಯ ದಿನ ಅತ್ತೆಯನ್ನು ಕರೆದುಕೊಂಡು ಕಚೇರಿಗೆ ಹೋದೆ. ಧಣಿ ಆಗಲೇ ಸಾಹೇಬರ ಎದುರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಗೋಡೆ ಪಕ್ಕದ ಬೆಂಚು ಖಾಲಿ ಇತ್ತು. ಅತ್ತೆ ಅದರತ್ತ ಹೆಜ್ಜೆ ಇಟ್ಟಳೋ ಇಲ್ಲವೋ, ಜವಾನ "ಏಯ್, ಕೆಳಗೆ!" ಎಂದ. ಅವನಪ್ಪನ ಮನೆಯ ಬೆಂಚು ನೋಡಿ! ಅತ್ತೆ ನೆಲದ ಮೇಲೆ ಕೂತಳು.

ಸಾಹೇಬರು ಹಳೆಯ ಪುಸ್ತಕ ತೆಗೆಸಿ ಓದಿದರು. "ಸದರಿ ಜಾಗ ಪಾಳು ನೆಲ. ಜನವಸತಿ ಇರುವುದಿಲ್ಲ."

"ಪಾಳು ನೆಲದಲ್ಲಿ ಬಾವಿ ಯಾರ್ ತೋಡಿದ್ರಪ್ಪಾ, ಹೆಗ್ಗಣಾನಾ?" ಎಂದಳು ಅತ್ತೆ.

ಧಣಿ ಹೊಟ್ಟೆ ಕುಲುಕಿಸಿ ನಕ್ಕ. "ಯಾವ ಬಾವಿಯೇ ಮುದುಕಿ? ಅರಳು ಮರಳು ನಿಂಗೆ. ಸಾರ್, ರಸ್ತೆ ಕೂಲಿಗೆ ಅಂತ ನಮ್ಮಪ್ಪಾನೇ ಈ ಮುಂಡೇವನ್ನ ಎಲ್ಲಿಂದಲೋ ಲಾರೀಲಿ ತುಂಬ್ಕೊಂಡು ಬಂದಿದ್ದು. ಬೆರಳು ಕೊಟ್ರೆ ಹಸ್ತಾನೇ ನುಂಗೋ ಜನ."

"ನೋಡಮ್ಮ," ಎಂದರು ಸಾಹೇಬರು ನನಗೆ. "ರಸ್ತೆಗಿಂತ ಮುಂಚೆ ನೀವಲ್ಲಿದ್ರಿ ಅಂತ ಸರ್ಕಾರಿ ಬರಹ ಒಂದು ತಾ. ಮನೆಗೆ ಮನೆ ಕೊಡ್ತೀವಿ. ಬಾಯಿ ಮಾತಿಗೆಲ್ಲ ಸರ್ಕಾರ ಕಿವಿ ಕೊಡಲ್ಲ."

ಹೊರಗೆ ಬಂದು ಅತ್ತೆ ಮೆಟ್ಟಿಲ ಮೇಲೆ ಕ್ಯಾಕರಿಸಿ ಉಗಿದಳು. ನನಗೆ ಉಗಿಯುವುದಕ್ಕೂ ಬಾಯಿ ಒಣಗಿತ್ತು. ನಮ್ಮ ಪೆದ್ದುತನ ನೋಡಿ. ತುಂಬಿದ ಬಾವಿ ಪ್ರತಿ ಮಳೆಗಾಲಕ್ಕೂ ಕುಸಿದು, ರಸ್ತೆಯ ಮೇಲೆ ಅದೇ ಜಾಗದಲ್ಲಿ ಗುಂಡಿ ಬೀಳುತ್ತಿತ್ತು. ಬೇರೆ ಗ್ಯಾಂಗಿನವರಾಗಿದ್ದರೆ ಅರೆಬರೆ ಮುಚ್ಚಿ ಹೋಗುತ್ತಿದ್ದರು. ನಮಗೋ, ಕೆಲಸದಲ್ಲಿ ಹೆಸರು ಬೇಕು! ಇರುವ ಒಂದೇ ಸಾಕ್ಷಿಯನ್ನು ವರ್ಷಾ ವರ್ಷಾ ನಾವೇ ಗುದ್ದಿ ಗುದ್ದಿ ಗಟ್ಟಿ ಮಾಡಿ ಹೂತಿದ್ದೆವು.

"ಸರ್ಕಾರಿ ರಸ್ತೆ ಕಣೇ ಅದು, ಅಗೆದ್ರೆ ಕೇಸ್ ಹಾಕ್ತಾರೆ," ಎಂದು, ಆ ಗುಂಡಿ ಅಗೆಯುವ ನನ್ನ ಯೋಚನೆ ಕೇಳಿ ಗ್ಯಾಂಗಿನ ಮೇಸ್ತ್ರಿ ಬೆವರು ಒರೆಸಿಕೊಂಡ.

"ಹಾಕ್ಲಿ ಬಿಡಣ್ಣ. ನಮಗೆ ಬೇಕಾಗಿರೋದೂ ಅದೇ," ಎಂದೆ.

ಶನಿವಾರ ಬೆಳಿಗ್ಗೆ ಎರಡೂ ಕಡೆ ಕೆಂಪು ಬಾವುಟ ನೆಟ್ಟು ಗುದ್ದಲಿ ಎತ್ತಿದೆವು. ಯಾರೊಬ್ಬರೂ ಯಾಕೆ ಅಂತ ಕೇಳಲಿಲ್ಲ. ರಸ್ತೆ ಅಗೆಯುವ ಹೆಂಗಸರನ್ನು ಕಣ್ಣೆತ್ತಿ ನೋಡುವವರು ಯಾರು? ಕಾರಿನವನೊಬ್ಬ "ಬೇಗ ಬೇಗ ಮಾಡ್ರೇ, ಸೋಮಾರಿಗಳಾ" ಎಂದು ಬೈದು ಪಕ್ಕದ ಮಣ್ಣಿಗಿಳಿದು ಹೋದ. ಮೊದಲು ಮೊನ್ನೆಯ ಡಾಂಬರು ಎದ್ದಿತು. ಅದರ ಕೆಳಗೆ ಹೋದ ವರ್ಷದ್ದು, ಅದರ ಕೆಳಗೆ ನಾನು ಈ ಮನೆಗೆ ಬಂದ ವರ್ಷದ್ದು. ಆಮೇಲೆ ಕೈಯಲ್ಲಿ ಒಡೆದ ದಪ್ಪ ಜಲ್ಲಿ. "ಇದು ನಾವು ಒಡೆದಿದ್ದು," ಎಂದು ಅತ್ತೆ ಒಂದು ಕಲ್ಲನ್ನು ಎತ್ತಿ ನೋಡಿ ಬಿಸಾಡಿದಳು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಗುದ್ದಲಿ ಠಣ್ಣೆಂದಿತು. ಬಾವಿಯ ಕಟ್ಟೆ! ಅದನ್ನು ಪೂರ್ತಿ ಕೀಳುವ ಪುರಸೊತ್ತು ಅಂದಿನ ಗುತ್ತಿಗೆದಾರನಿಗೆ ಇರಲಿಲ್ಲ. ಕಲ್ಲಿನ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಹುದುಗುವಷ್ಟು ಆಳದ ಗೀರುಗಳು ಬಿದ್ದಿದ್ದವು. ಅತ್ತೆ ಅದರೊಳಗೆ ಬೆರಳಿಟ್ಟು ಗೊಳೋ ಎಂದು ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತವಳಲ್ಲ.

ಅಷ್ಟರಲ್ಲಿ ಎರಡೂ ಕಡೆ ಬಸ್ಸು ಲಾರಿ ನಿಂತು ಹಾರ್ನು ಶುರುವಾಗಿತ್ತು. ಧಣಿಯ ಕಾರು ಬಂತು, ಜೀಪು ಬಂತು, ಜೀಪಿನ ಹಿಂದೆ ಪೊಲೀಸ್ ದಫೇದಾರನೂ ಬಂದ. ಸಾಹೇಬರು ಈ ಸಲ ಕೆಳಗಿಳಿದರು.

"ಬರ್ಕೊಳ್ರೀ ದಫೇದಾರ್ರೇ! ಹೆದ್ದಾರಿ ಧ್ವಂಸ! ಈ ಹಲ್ಕಾಗಳನ್ನ ಏಳೂ ಜನಾನೂ ಒಳಗೆ ಹಾಕ್ರಿ!"

ದಫೇದಾರ ಪುಸ್ತಕ ಬಿಚ್ಚಿದ. "ಹನ್ನೊಂದನೇ ಮೈಲಿ... ಅಗೆದ ಅಗಲ ಎಂಟಡಿ... ಅಗೆದ ಜಾಗದಲ್ಲಿ ಏನಿದೆ ಅಂತ ಬರೀಲಿ ಸಾರ್? ಮಹಜರಲ್ಲಿ ಅದೂ ಬರಬೇಕು."

"ಹಳೇ ಬಾವಿ ಅಂತ ಬರ್ಕೊಳಿ," ಎಂದೆ ನಾನು. "ರಸ್ತೆ ಕೆಳಗೆ, ಕಟ್ಟೆ ಸಮೇತ. ಹಗ್ಗದ ಗೀರು ಹನ್ನೆರಡು. ಎಣಿಸ್ಕೊಳಿ ಬೇಕಾದ್ರೆ."

"ಏಯ್, ಬರೀಬೇಡ!" ಎಂದು ಧಣಿ ಕಿರುಚಿದ.

"ಬಾವಿ ಬಿಟ್ಟು ಹೇಗ್ ಬರೀಲಿ ಸಾರ್? ಇಷ್ಟು ಜನ ನೋಡ್ತಿದಾರೆ. ನಾಳೆ ಕೋರ್ಟಲ್ಲಿ ನನ್ ಕೆಲಸ ಹೋಗುತ್ತೆ."

ಸಾಹೇಬರಿಗೆ ಆಗ ಹೊಳೆಯಿತು. ಮುಖ ಇಂಗು ತಿಂದ ಮಂಗನ ಹಾಗಾಯಿತು. "ಹಾಗಾದ್ರೆ ಏನೂ ಬರೀಬೇಡಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, ಜನ್ಮದಲ್ಲಿ ಮೊದಲ ಸಲ, "ನೋಡಿ ತಾಯಿ, ಕೇಸೂ ಬೇಡ, ಗಲಾಟೇನೂ ಬೇಡ. ಬೇಗ ಮುಚ್ಬಿಡಿ," ಎಂದರು.

ತಾಯಿಯಂತೆ, ತಾಯಿ! ನಾವು ಏಳೂ ಜನ ದಫೇದಾರನ ಮುಂದೆ ಕೈ ಚಾಚಿ ನಿಂತೆವು. "ಹಿಡ್ಕೊಂಡ್ ಹೋಗಿ. ನಮ್ಮ ಮೇಲೆ ಕೇಸ್ ಬರೀರಿ. ಸಾಹೇಬ್ರು ಕೇಳಿದ ಸರ್ಕಾರಿ ಬರಹ ಅದೇ."

ದಫೇದಾರನ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಅವನು ಸಾಹೇಬರ ಮುಖ ನೋಡಿದ, ಸಾಹೇಬರು ಧಣಿಯ ಮುಖ ನೋಡಿದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಾಹೇಬರಿಗೆ ಬೆನ್ನು ಹಾಕಿ ಬಾವಿಯ ಕಟ್ಟೆಯ ಮೇಲೆ ಕೂತಳು. ನಾನು ಗುದ್ದಲಿ ಎತ್ತಿದೆ.

"ಬರೀತೀರೋ, ಇನ್ನೊಂದಾಳುದ್ದ ಅಗೆಯೋಣ್ವೋ?"