ಹಳದಿ ಜಿಪ್ಸಿಗೆ ಕೇಳಿದ ಹೂ

ಚಿಕ್ಕಬೋರಮ್ಮ ಮಾರಮ್ಮನ ಮುಂದೆ ಕಣ್ಣು ಮುಚ್ಚಿ ಕೂತು ಮನಸ್ಸಿನಲ್ಲೇ ಕೇಳಿಕೊಂಡದ್ದು ಇಷ್ಟು: 'ಅವ್ವಾ, ಆ ಹಳ್ದಿ ಗಾಡಿ ನಮ್ಮನ್ಗೆ ಬ್ಯಾಡ ಅನ್ನೋದಾದ್ರೆ ಬಲಗಡೆ ಹೂ ಕೊಡವ್ವ.'

ಹಾಗೆ ಯಾರೂ ಕೇಳುವುದಿಲ್ಲ. ಆಗಲಿ ಅನ್ನುವುದಕ್ಕೆ ಬಲಗಡೆ, ಬೇಡ ಅನ್ನುವುದಕ್ಕೆ ಎಡಗಡೆ. ಹೆಣ್ಣು ತರುವುದಕ್ಕೆ, ಬೋರು ಕೊರೆಸುವುದಕ್ಕೆ, ಎತ್ತು ಕೊಳ್ಳುವುದಕ್ಕೆ, ಈಗೀಗ ಕಾರಿಗೂ ಈ ಊರಲ್ಲಿ ಅದೇ ಲೆಕ್ಕ. ಹೂ ಯಾವ ಕಡೆ ಬಿತ್ತು ಅನ್ನುವುದು ಎಲ್ಲರಿಗೂ ಕಾಣುತ್ತದೆ, ಏನು ಕೇಳಿದರು ಅನ್ನುವುದು ಮಾತ್ರ ಕೂತವರಿಗೇ ಗೊತ್ತು. ಚಿಕ್ಕಬೋರಮ್ಮ ಬೇಕೆಂದು ತಿರುಗಿಸಿ ಕೇಳಿದವಳಲ್ಲ. ಅವಳ ಎದೆಯಲ್ಲಿ ಬೆಳಗಿನಿಂದ ಕೂತಿದ್ದದ್ದೇ 'ಬ್ಯಾಡ' ಅನ್ನುವ ಮಾತು, ಅದೇ ಮೊದಲು ಹೊರಬಂತು. ಬಂದ ಮೇಲೆ ತಪ್ಪು ಹೊಳೆಯಿತು. ಆದರೆ ಒಂದು ಸಲ ಕೇಳಿದ್ದನ್ನು ತಿದ್ದಿ ಮತ್ತೆ ಕೇಳುವ ಹಾಗಿಲ್ಲ, ಮಾರಮ್ಮ ಮುನಿಯುತ್ತಾಳೆ. ಅವಳು ಮುನಿದರೆ ಏನಾಗುತ್ತದೆ ಅಂತ ಚಿಕ್ಕಬೋರಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗುಡಿಯ ಹೊರಗೆ ಹುಣಸೆಮರದ ಕೆಳಗೆ ಆ ಹಳೇ ಜಿಪ್ಸಿ ಜೀಪು ನಿಂತಿತ್ತು. ತಲೆಯ ಮೇಲೆ ಬಿಚ್ಚಿ ಮಡಿಸುವ ಟಾರ್ಪಾಲು, ಇರುವುದು ಎರಡೇ ಬಾಗಿಲು, ಬಣ್ಣವೋ ಮದುವೆ ಮನೆಯ ಅರಿಸಿನದ್ದು. ಅದರ ಪಕ್ಕ ಸೊಸೆ ರಂಜಿತ ಕೈಕಟ್ಟಿಕೊಂಡು ನಿಂತಿದ್ದಳು.

ರಂಜಿತ ಪಾಂಡವಪುರದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ನಾಲೆ ಏರಿಯ ಮೇಲೆ ಹೋದರೆ ಕಾಲುಗಂಟೆ ದಾರಿ. ಮನೆಯಲ್ಲಿ ಆಗಲೇ ಒಂದು ದೊಡ್ಡ ಬಿಳಿ ಕಾರಿದೆ. ಅದು ಗಂಡ ಚಲುವರಾಜುವಿನದು, ಅಂದರೆ ನೆಂಟರಿಷ್ಟರೆಲ್ಲರದು. ಬೀಗರೂಟಕ್ಕೂ ಅದೇ, ಆಸ್ಪತ್ರೆಗೂ ಅದೇ. ಹಾಗಾಗಿ ಇನ್ನೊಂದು ಚಿಕ್ಕ ಕಾರು ಬರಲಿ ಅನ್ನುವುದಕ್ಕೆ ಯಾರ ತಕರಾರೂ ಇರಲಿಲ್ಲ, ಅತ್ತೆಯದ್ದೂ ಸೇರಿ. ಕೆ.ಆರ್. ಪೇಟೆಯಲ್ಲಿ ಒಂದು ಬೆಳ್ಳಿ ಬಣ್ಣದ್ದನ್ನು ನೋಡಿದರು, ನಾಗಮಂಗಲದಲ್ಲಿ ಗೇರು ಬದಲಿಸುವ ಕೆಲಸವೇ ಇಲ್ಲದ ಇನ್ನೊಂದನ್ನು ನೋಡಿದರು. ಎರಡೂ ಲಕ್ಷಣವಾಗಿದ್ದವು. ರಂಜಿತ ಎರಡನ್ನೂ ಓಡಿಸಿ, ಸೋಫಾ ಮೇಲೆ ಕೂತು ಹೋದ ಹಾಗಾಗುತ್ತದೆ ಎಂದು ಕೀ ವಾಪಸ್ಸು ಕೊಟ್ಟಳು. ಆಮೇಲೆ ಶ್ರೀರಂಗಪಟ್ಟಣದಲ್ಲಿ ಇದು ಸಿಕ್ಕಿತು. ಮಾರುವವನು ಮೋಹನ್ ಕುಮಾರ್, ಮರಗೆಲಸದ ಮನೆತನದವನು, ಈಗ ಹಳೇ ಗಾಡಿಗಳನ್ನು ಹೊಸದು ಮಾಡುತ್ತಾನೆ. ಗೇರಿನ ಹಿಡಿಗೆ ಬೀಟೆಮರದ ಗುಂಡು ತಾನೇ ಕಡೆದು ಕೂರಿಸಿದ್ದ.

ಇದೇ ಯಾಕೆ ಬೇಕು ಅಂತ ಅತ್ತೆ ಕೇಳಿದಾಗ ರಂಜಿತ ಏನಾದರೂ ಉಪಯೋಗದ ಮಾತು ಹೇಳಬಹುದಿತ್ತು. ಹುಲ್ಲಿನ ಹೊರೆ ತರಬಹುದು ಅಂದಿದ್ದರೂ ಸಾಕಿತ್ತು.

"ಓಡ್ಸುದ್ರೆ ಖುಸಿ ಆಯ್ತದೆ ಅತ್ತೆ. ಅಷ್ಟೆಯ," ಅಂದುಬಿಟ್ಟಳು.

ಆ ಮಾತಿಗೇ ಚಿಕ್ಕಬೋರಮ್ಮ ಹೆದರಿದ್ದು. ಆ ಮನೆಗೆ ಖುಷಿಗೋಸ್ಕರ ಬಂದ ಗಾಡಿ ಒಂದೇ ಒಂದು, ಚಲುವರಾಜು ಹುಡುಗನಾಗಿದ್ದಾಗ ಹಟ ಮಾಡಿ ತಂದ ಕೆಂಪು ಬೈಕು. ಹೂ ಕೇಳದೆ ತಂದಿದ್ದ. ನಾಲೆಯ ತಿರುವಿನಲ್ಲಿ ಬೈಕಿನ ಸಮೇತ ನೀರಿಗೆ ಬಿದ್ದ. ಹೊಂಗೆಯ ಬೇರು ಕೈಗೆ ಸಿಕ್ಕಿದ್ದರಿಂದ ಉಳಿದ, ಕಾಲಿನಲ್ಲಿ ರಾಡು ಈಗಲೂ ಇದೆ. ಅಂದಿನಿಂದ ಹೂವಿಲ್ಲದೆ ಆ ಮನೆಗೆ ಒಂದು ಸೈಕಲ್ಲೂ ಬಂದಿಲ್ಲ.

ಪೂಜಾರಿ ಕರಿಯಪ್ಪ ಒದ್ದೆ ಕಣಗಿಲೆ ಹೂಗಳನ್ನು ದೇವಿಯ ಮೈಗೆ ಅಂಟಿಸಿ ಗಂಟೆ ಬಾರಿಸುತ್ತಲೇ ಇದ್ದ. ಹೂ ಅಲ್ಲಾಡಲಿಲ್ಲ. ಬಾಗಿಲಲ್ಲಿ ಮೋಹನ್ ಕುಮಾರನ ಫೋನು ಮತ್ತೆ ಮತ್ತೆ ಗುರುಗುಟ್ಟಿತು. ನಾಗಮಂಗಲದ ಇನ್ನೊಬ್ಬರು ಈಗಲೇ ಬಂದು ಗಾಡಿ ಒಯ್ಯುವುದಾಗಿ ಹೇಳುತ್ತಿದ್ದಾರೆ, ಇಲ್ಲಿ ಆಗದಿದ್ದರೆ ಹೇಳಿಬಿಡಿ ಎಂದು ಅವನು ಚಲುವರಾಜುವಿನ ಕಿವಿಯಲ್ಲಿ ಹೇಳಿದ. ಚಿಕ್ಕಬೋರಮ್ಮ ಹೂವನ್ನೇ ನೋಡುತ್ತ ಲೆಕ್ಕ ಹಾಕಿದಳು. ಎಡಗಡೆ ಬಿದ್ದರೆ ಜನ ಗಾಡಿ ಬೇಡ ಅನ್ನುತ್ತಾರೆ, ದೇವಿ ಬೇಕು ಅಂದಿರುತ್ತಾಳೆ. ಬಲಗಡೆ ಬಿದ್ದರೆ ಜನ ಬೇಕು ಅನ್ನುತ್ತಾರೆ, ದೇವಿ ಬೇಡ ಅಂದಿರುತ್ತಾಳೆ. ಯಾವ ಕಡೆ ಬಿದ್ದರೂ ಗಂಟಲಲ್ಲಿ ಮುಳ್ಳೇ.

ಹೂ ಬಿತ್ತು. ಬಲಗಡೆ, ಎಲ್ಲರಿಗೂ ಕಾಣುವ ಹಾಗೆ.

"ಅಪ್ಪಣೆ ಆಯ್ತು ಕಣ್ರಪ್ಪ," ಅಂದ ಕರಿಯಪ್ಪ. ಚಲುವರಾಜು ಕೆನ್ನೆ ಬಡಿದುಕೊಂಡ. ಹೊರಗೆ ಅದು ಕಿವಿಗೆ ಬಿದ್ದ ರಂಜಿತ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ ಅನ್ನುತ್ತಾರೆ. ಇಲ್ಲಿ ದೈವ ಚಿಕ್ಕಬೋರಮ್ಮ ಬಗೆದದ್ದನ್ನೇ ಬಗೆದಿತ್ತು, ತಾಪತ್ರಯವೇ ಅದು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಅವಳು ಸುಮ್ಮನೆ ಪ್ರಸಾದಕ್ಕೆ ಕೈಚಾಚಿದಳು.

ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಹೂ ಕೇಳಿದವಳೇ ಮೊದಲು ಕೂರಬೇಕು ಎಂದು ಮಗ ತಾಯಿಯನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ. ಕಾಗದ ಪತ್ರದ ಕೆಲಸ ಮನೆಯಲ್ಲಿ ಮುಗಿಸೋಣ, ಮೋಹನ್ ಕುಮಾರನನ್ನು ಕರೆದುಕೊಂಡು ಬಿಳಿ ಕಾರಿನಲ್ಲಿ ಹಿಂದೆಯೇ ಬರುತ್ತೇನೆ ಎಂದ. ರಂಜಿತ ಸ್ಟೇರಿಂಗ್ ಹಿಡಿದಳು. ನಿಂಬೆಹಣ್ಣು ಚಪಕ್ಕೆಂದವು, ಜಿಪ್ಸಿ ಹೊರಟಿತು.

ಗುಡಿಯಿಂದ ಮನೆಗೂ ಅದೇ ನಾಲೆ ಏರಿಯ ದಾರಿ. ಏರಿ ಹತ್ತಿದ ಕೂಡಲೇ ನಾಲೆಯ ನೀರು ಚಿಕ್ಕಬೋರಮ್ಮನ ಮಗ್ಗುಲಿಗೇ ಬಂತು, ದಡದವರೆಗೂ ತುಂಬಿ ಸದ್ದಿಲ್ಲದೆ ಹರಿಯುವ ನೀರು. ಅವಳು ಸೀಟಿನ ಮುಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಮಾರಮ್ಮನನ್ನು ನೆನೆಯಲು ಹೊರಟಳು. ಮಾರಮ್ಮ ಹೇಳುವುದನ್ನು ಆಗಲೇ ಹೇಳಿಯಾಗಿತ್ತು. ಗಾಳಿ ನುಗ್ಗಿ ಸೆರಗು ಹಾರಿತು. ಆಗ ಅವಳಿಗೊಂದು ದನಿ ಕೇಳಿಸಿತು. ಸೊಸೆ ಹಾಡುತ್ತಿದ್ದಳು, ಪದವಿಲ್ಲದೆ, ತನ್ನಷ್ಟಕ್ಕೆ. ಈ ಹೆಣ್ಣಿಗೆ ಹಾಡು ಬರುತ್ತದೆ ಅನ್ನುವುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಅವಳನ್ನು ಹುಡುಕುವವರೇ ಎಲ್ಲ, ಅಂಗಡಿಯಲ್ಲಿ ಕಣ್ಣು ಕಾಣಿಸುತ್ತಿಲ್ಲ ಅನ್ನುವವರೇ ಎಲ್ಲ. ನಡುವಿನ ಈ ಕಾಲುಗಂಟೆಯಲ್ಲಿ ಮಾತ್ರ ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಅದಕ್ಕೇ ಅವಳು ಇಷ್ಟು ಗಾಡಿ ಹುಡುಕಿದ್ದು.

ಚಿಕ್ಕಬೋರಮ್ಮ ಹೊರಳಿ ಸೊಸೆಯ ಮುಖ ನೋಡಿದಳು. ಇಷ್ಟು ನಗುನಗುತ್ತ ಇರುವವಳನ್ನು ದೇವಿ ಬೇಡ ಅಂದ ಗಾಡಿಯಲ್ಲಿ ದಿನಾ ಕಳಿಸುವುದು ಹೇಗೆ? ತಿರುವು ಹತ್ತಿರ ಬರುತ್ತಿತ್ತು. ಹೊಂಗೆಮರ ಕಾಣಿಸಿತು.

"ನಿಲ್ಸವ್ವ," ಅಂದಳು. "ನಿಲ್ಸು ಅಂದ್ನಲ್ಲ."

ರಂಜಿತ ಮರದ ಬುಡದಲ್ಲಿ ನಿಲ್ಲಿಸಿದಳು. ಚಿಕ್ಕಬೋರಮ್ಮ ನೀರನ್ನೇ ನೋಡುತ್ತ, ತಾನು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿಬಿಟ್ಟಳು. ಒಂದು ಮಾತೂ ಬಿಡಲಿಲ್ಲ.

ಸೊಸೆ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದಳು. ಆಗಿದ್ದರೆ ಎಷ್ಟೋ ವಾಸಿಯಿತ್ತು. ರಂಜಿತ ಗೇರಿನ ಆ ಬೀಟೆಯ ಗುಂಡನ್ನು ಬೆರಳಲ್ಲಿ ಒಮ್ಮೆ ಸವರಿ, ಇಂಜಿನ್ನು ಆರಿಸಿ ಕೀ ತೆಗೆದಳು.

"ಕೊಟ್ಬುಡಾನ ಅತ್ತೆ. ಅವ್ರು ಹಿಂದೇನೆ ಬತ್ತಾವ್ರೆ, ಇಲ್ಲೇ ಯೋಳ್ಬುಡ್ತೀನಿ."

"ದ್ಯಾವ್ರು ಮಾತು ನೀನು ನಂಬಾಕಿಲ್ವಲ್ಲವ್ವ."

"ನಾನ್ ನಂಬಾದೇನು ಬಂತು? ನೀವು ನಂಬ್ತೀರಿ. ನಾನ್ ಬರೋಗಂಟ ದಿನಾ ಗೇಟತ್ರ ನಿಂತಿರ್ತೀರಿ. ನಿಮ್ಮನ್ನ ಅಂಗೆ ನಿಲ್ಲಿಸ್ಬುಟ್ಟು ನಾನ್ ಯಾವ ಖುಸೀಲಿ ಓಡ್ಸ್ಲಿ?"

ದನಿಯಲ್ಲಿ ಕೋಪವಿರಲಿಲ್ಲ. ಮುಖದಲ್ಲಿ ಹಾಡಿನ ಗುರುತೂ ಇರಲಿಲ್ಲ. ಅದು ಮನೆಯ ಮುಖ, ಚಿಕ್ಕಬೋರಮ್ಮ ದಿನಾ ನೋಡುವ ಮುಖ. ಅದು ಒಂದು ಮುಖ ಅಂತ ಅವಳಿಗೆ ಗೊತ್ತಾದದ್ದೇ ಈಗ, ಇನ್ನೊಂದನ್ನು ಕಂಡ ಮೇಲೆ. ಬೇಡಿಕೊಂಡದ್ದು ಬೇಡಿಕೊಂಡ ಹಾಗೆ ಕೈಗೆ ಬಂದಿತ್ತು. ಗಾಡಿ ಮನೆಗೆ ಬರುವುದಿಲ್ಲ. ಅವಳಿಗೆ ಅಳು ಬಂತು.

ಹಿಂದೆ ಬಿಳಿ ಕಾರು ಬಂದು ನಿಂತಿತು. ಚಲುವರಾಜು ಇಳಿದು, ರಾಡು ಹಾಕಿದ ಕಾಲನ್ನು ಎಳೆದುಕೊಂಡು ಬೇಗಬೇಗ ಬಂದ. ಮರ ನೋಡಿದ, ನೀರು ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು.

"ಯಾಕವ್ವ, ಇಲ್ಯಾಕೆ ನಿಲ್ಸುದ್ರಿ? ಏನಾಯ್ತು?"

"ರೀ, ಈ ಗಾಡಿ..." ಎಂದು ರಂಜಿತ ಕೀ ಮುಂದೆ ಚಾಚಿದಳು.

ಚಿಕ್ಕಬೋರಮ್ಮ ಆ ಕೈಯನ್ನು ಹಿಡಿದು ತನ್ನ ತೊಡೆಯ ಮೇಲೆ ಅದುಮಿಟ್ಟುಕೊಂಡಳು. ಮಾರಮ್ಮನ ವಿಷಯದಲ್ಲಿ ಈವರೆಗೆ ಅವಳು ಒಂದು ಸುಳ್ಳೂ ಹೇಳಿದವಳಲ್ಲ.

"ಏನೂ ಆಗ್ನಿಲ್ಲ ಕಣ್ಲಾ. ಗಾಳಿಗೆ ಸೆರಗು ಹಾರ್ಬುಡ್ತು, ನಿಲ್ಸು ಅಂದೆ. ಅವ್ವ ಬಲಗಡೆ ಕೊಟ್ಟವ್ಳಲ್ಲ, ಇನ್ನೇನ್ಲಾ ಭಯ ನಿಂಗೆ? ನೀನ್ ಮುಂದಕ್ಕೋಗು."

ಮಗ ಇಬ್ಬರನ್ನೂ ಒಮ್ಮೆ ನೋಡಿ, ತಲೆಯಾಡಿಸಿ, ಹೋಗಿ ಕಾರು ಹತ್ತಿದ. ಬಿಳಿ ಕಾರು ಅವರನ್ನು ದಾಟಿ ತಿರುವಿನಾಚೆ ಮರೆಯಾಗುವವರೆಗೂ ಚಿಕ್ಕಬೋರಮ್ಮ ಸೊಸೆಯ ಕೈ ಬಿಡಲಿಲ್ಲ. ಆಮೇಲೆ ಆ ಮುಷ್ಟಿಯನ್ನು ಬಿಡಿಸಿ ಕೀ ತೆಗೆದು, ತಾನೇ ತಡಕಾಡಿ ಅದರ ತೂತಿಗೆ ಇಟ್ಟಳು.

"ಓಡ್ಸು," ಅಂದಳು. "ನಾಳಿಂದ ದಿನಾ ನಾನೂ ಇದ್ರಲ್ಲೇ ಬತ್ತೀನಿ. ಪಾಂಡುಪುರದಿಂದ ಬಸ್ಸತ್ತಿ ವಾಪಸ್ ಓಯ್ತೀನಿ. ಸಂಜೆ ಮತ್ತೆ ಬಸ್ಸತ್ತಿ ಬಂದು ನಿನ್ ಜೊತೆ ಕೂರ್ತೀನಿ. ಮಾರಮ್ಮ ಕೇಳೋದೇನಿದ್ರೂ ಮೊದ್ಲು ನನ್ನ ಕೇಳ್ಲಿ."

ರಂಜಿತ ಅತ್ತೆಯನ್ನು ನೋಡಿದಳು. ಗಾಡಿ ಉಳಿಯಿತು, ತಾನೊಬ್ಬಳೇ ಇರುವ ಕಾಲುಗಂಟೆ ಹೋಯಿತು ಅನ್ನುವುದು ಅವಳಿಗೆ ಅರ್ಥವಾಯಿತು. ಬೇಡ ಅನ್ನಲು ಬಾಯಿ ತೆರೆದವಳು, ಹಿಡಿಯನ್ನು ಹಿಡಿದಿದ್ದ ಆ ಮುದುಕಿಯ ಬೆರಳುಗಳನ್ನು ಕಂಡಳು. ಸೆರಗು ಬಿಗಿಯಾಗಿ ಕಟ್ಟಿಕೊಳ್ಳಿ ಎಂದು ಹೇಳಿ, ಇಂಜಿನ್ನು ಶುರು ಮಾಡಿ ಗೇರು ಹಾಕಿದಳು.

ತಿರುವು ದಾಟುವಾಗ ಚಿಕ್ಕಬೋರಮ್ಮ ಕಣ್ಣು ಮುಚ್ಚಿಕೊಂಡಳು. ಮುಚ್ಚಿಕೊಂಡೇ, ಆಗ ನಿಲ್ಲಿಸಿದ ಹಾಡನ್ನು ಮತ್ತೆ ಹೇಳು ಎಂದು ಸೊಸೆಯನ್ನು ಕೇಳಿದಳು.