ಹಿಮ್ಮಡಿಗೆ ಬಳಿದ ಬಣ್ಣ

ನಮ್ಮ ಯಜಮಾನರು ಮೂವತ್ತು ವರ್ಷದಿಂದ ಬೂಟು ಹೊಲಿಯುತ್ತಾರೆ. ಊರಿನ ಅರ್ಧ ಜನರ ಪಾದದ ಅಳತೆ ಅವರಿಗೆ ಬಾಯಿಪಾಠ. ತಮ್ಮ ಹಿಮ್ಮಡಿಗೆ ಮೊಳೆ ಚುಚ್ಚಿದ್ದು ಮಾತ್ರ ಗೊತ್ತಾಗಲಿಲ್ಲ. ಶುಗರ್‌ನಿಂದ ಪಾದ ಜೋಮು ಹಿಡಿದು ಎರಡು ವರ್ಷವಾಗಿತ್ತು. ಸಂಜೆ ಕಾಲುಚೀಲ ಬಿಚ್ಚುವಾಗ ರಕ್ತ ಕಂಡಿದ್ದು ನನಗೆ.

ಪಾದದ ಮೂಳೆ ಡಾಕ್ಟರು ಇರುವುದು ಬಸ್ಸಿನಲ್ಲಿ ಆರು ಗಂಟೆ ದೂರ. ಹಾಗಾಗಿ ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲೇ ನೋಡುತ್ತಿದ್ದರು. ಇವರು ಕೆಲಸದ ಮಣೆಯ ಮೇಲೆ ಕಾಲು ಚಾಚುವುದು, ನಾನು ಫೋನು ಹಿಡಿಯುವುದು. ಮೊದಲ ವಾರ ಸುಸೂತ್ರವಾಗಿ ಹೋಯಿತು. ಎರಡನೇ ವಾರ ಗಾಯದ ಸುತ್ತ ಕಪ್ಪಾಯಿತು. ಆಗ ಈ ಮಹಾನುಭಾವರು ಮಾಡಿದ ಘನಕಾರ್ಯ ಕೇಳಿ. ಗಾಯದ ಸೀಳನ್ನು ಬೂಟಿನ ಅಂಟು ಹಾಕಿ ಮುಚ್ಚಿದರು. ಮೇಲೆ, ಬೂಟಿನ ಚರ್ಮಕ್ಕೆ ಹಚ್ಚುವ ಬಣ್ಣವನ್ನು ತಮ್ಮ ಮೈಬಣ್ಣಕ್ಕೆ ಸರಿಯಾಗಿ ಬೆರೆಸಿ ಬಳಿದರು.

“ನಿಮಗೇನು ತಲೆ ಕೆಟ್ಟಿದೆಯಾ?” ಅಂದೆ.

“ನಮ್ಮಣ್ಣ ಒಂದು ಬೆರಳು ತೋರಿಸೋಕೆ ಆಸ್ಪತ್ರೆಗೆ ಹೋದ. ಮೊಣಕಾಲಿಂದ ಕೆಳಗಿನದನ್ನ ಅಲ್ಲೇ ಬಿಟ್ಟು ಬಂದ. ನೀನು ಸುಮ್ನೆ ಫೋನು ಹಿಡಿ.”

ಹಿಡಿದೆ.

“ಪರವಾಗಿಲ್ಲ, ಒಣಗ್ತಾ ಇದೆ. ಕೆಟ್ಟ ವಾಸನೆ ಏನಾದ್ರೂ ಇದೆಯಾ ಅಮ್ಮ?” ಎಂದು ಡಾಕ್ಟರು ಕೇಳಿದರು.

ಕೋಣೆ ತುಂಬ ಅಂಟಿನ ವಾಸನೆ, ಅದರಡಿಯಲ್ಲಿ ಇನ್ನೊಂದು. ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಹೆದರಿದ ಕಣ್ಣನ್ನು ನಾನು ಆ ಮುಖದಲ್ಲಿ ಎಂದೂ ಕಂಡಿರಲಿಲ್ಲ. “ಇಲ್ಲ ಡಾಕ್ಟ್ರೇ” ಅಂದುಬಿಟ್ಟೆ. ನನ್ನ ನಾಲಿಗೆಗೆ ಬರೆ ಹಾಕಬೇಕು.

ಈ ವಾರ ಇವರಿಗೆ ಚಳಿಜ್ವರ. ಆದರೂ ಕುಂಚ ಹಿಡಿದು, ಈ ಸಲ ಇನ್ನೂ ಮೇಲಿನವರೆಗೆ ಬಳಿದರು. ಫೋನು ಬಂತು. ಡಾಕ್ಟರು ಮತ್ತದೇ ಪ್ರಶ್ನೆ ಕೇಳಿದರು.

ನಾನು ಫೋನನ್ನು ಅಂಟಿನ ಡಬ್ಬಕ್ಕೆ ಒರಗಿಸಿಟ್ಟು, ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಹಿಮ್ಮಡಿ ಒರೆಸಿದೆ. “ಬೇಡ ಕಣೇ” ಎಂದು ಇವರು ನನ್ನ ಕೈ ಹಿಡಿದರು. ಆ ಹಿಡಿತದಲ್ಲಿ ಬಲವೇ ಇರಲಿಲ್ಲ. ಬಣ್ಣವೆಲ್ಲ ಬಟ್ಟೆಗೆ ಬಂತು. ಅಡಿಯ ಕಪ್ಪು ಕಣಕಾಲಿನವರೆಗೆ ಏರಿತ್ತು.

ಡಾಕ್ಟರು ಪರದೆಯ ಹತ್ತಿರಕ್ಕೆ ಬಾಗಿದರು. “ಯಾವಾಗಿಂದ ಹೀಗಿದೆ ಅಮ್ಮ?”

“ಹೋದ ವಾರದಿಂದ.”

“ಆವತ್ತೇ ಹೇಳಿದ್ರೆ ಪಾದ ಉಳೀತಿತ್ತೇನೋ. ಆಂಬುಲೆನ್ಸ್ ಕಳಿಸ್ತೀನಿ, ಈಗಲೇ ಹೊರಡಿ. ಜೀವನಾದ್ರೂ ಉಳಿಸ್ಕೊಳ್ಳೋಣ.”

ಆಂಬುಲೆನ್ಸಿನಲ್ಲಿ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬೈಯಲಿ, ಶಾಪ ಹಾಕಲಿ, ಏನಾದರೂ ಒಂದು ಮಾತಾಡಲಿ ಎಂದು ಕಾಯುತ್ತಿದ್ದೆ. ಎಷ್ಟೋ ದೂರ ಹೋದ ಮೇಲೆ ಇವರು ಕಣ್ಣು ಬಿಟ್ಟರು.

“ಬಣ್ಣ ಮಾತ್ರ ಸರಿಯಾಗಿ ಹೊಂದಿತ್ತು, ಅಲ್ವಾ?”

“ಹೊಂದಿತ್ತು ರೀ. ಡಾಕ್ಟ್ರಿಗೂ ಗೊತ್ತಾಗ್ಲಿಲ್ಲ.”

ಸಮಾಧಾನವಾಯಿತೇನೋ, ಮತ್ತೆ ಕಣ್ಣು ಮುಚ್ಚಿದರು. ನಾನು ಆ ಪಾದವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಅವರಿಗೆ ಗೊತ್ತಾಗಲಿಲ್ಲ.