ಎಲ್ಲರ ಮೇಲೂ ಪನ್ನೀರು ಎರಚಿದ ಕಿಣ್ವ

ನಾನು ಒಂದು ಕಿಣ್ವ. ಲೋಕ ಹುಟ್ಟಿದಂದಿನಿಂದ ನಡೆದ ಗುಟ್ಟಿನ ಭೇಟಿಗಳನ್ನೆಲ್ಲ, ಅಮಾವಾಸ್ಯೆಯಂದು ಸೂರ್ಯಚಂದ್ರರು ಪಿಸುಗುಟ್ಟಿದ್ದನ್ನೂ ಸೇರಿಸಿ, ಕಣ್ಣಾರೆ ಕಂಡವನು ನಾನೊಬ್ಬನೇ.

ಹುಟ್ಟಿದ್ದು ಒಂದು ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ. ಯಾರೋ ವಿಜ್ಞಾನಿಗಳು ತಿದ್ದಿ ತೀಡಿ ನನ್ನನ್ನು ಚುರುಕಾಗಿಸಿದರು. ಆಮೇಲೆ ಜೀನಿನ ರೂಪದಲ್ಲಿ, ಐಸಿನ ಪೆಟ್ಟಿಗೆಯೇರಿ, ಮಹಾರಾಜನಂತೆ ಧಾರವಾಡದ ಪ್ರಯೋಗಾಲಯಕ್ಕೆ ಬಂದೆ. ಅಲ್ಲಿ ಸಂಶೋಧಕಿ ನೀಲಾಂಬಿಕಾ ಜೀವಂತ ಕೋಶದೊಳಗಿನ ಒಂದು ಪ್ರೋಟೀನಿನ ಬಾಲಕ್ಕೆ ನನ್ನನ್ನು ಕಟ್ಟಿದಳು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಯಾರನ್ನು ಮುಟ್ಟಿ ಬಿಡುತ್ತದೆ ಎಂದು ಅವಳು ಪತ್ತೆಹಚ್ಚಬೇಕಿತ್ತು. ಅವಳ ಪಿಎಚ್‌ಡಿ ಅದರ ಮೇಲೇ ನಿಂತಿತ್ತು. ಬಯೋಟಿನ್ ಎಂಬ ಪನ್ನೀರು ಕೊಟ್ಟರೆ ಹತ್ತಿರ ಬಂದವರ ಮೇಲೆ ಎರಚುವುದು ನನ್ನ ಕೆಲಸ. ತೋಯ್ದವರನ್ನು ಹೆಕ್ಕಿ ಗುರುತಿಸುವುದು ಅವಳದು.

ಕೋಶದಲ್ಲಿ ಯಾರನ್ನೂ ನಂಬುವಂತಿಲ್ಲ. ಮೈಗೆ ಮೈ ತಾಗಿಸಿ ಮರುಕ್ಷಣವೇ ಪರಿಚಯವಿಲ್ಲದವರಂತೆ ಹೋಗಿಬಿಡುತ್ತಾರೆ.

ಬಯೋಟಿನ್ ಹಾಕಿದ ಸ್ವಲ್ಪ ಹೊತ್ತಿಗೇ ತೊಳೆದುಬಿಡಬೇಕು. ಆದರೆ ಅಂದು ನೀಲಾಂಬಿಕಾ ಗೆಳತಿಯ ಸೀಮಂತಕ್ಕೆ ಹೋದವಳು ಹೋಳಿಗೆ ಮುಗಿಸಿ ಬರುವಾಗ ಸಂಜೆ. ಅಷ್ಟರಲ್ಲಿ ನಾನು ಹಾದುಹೋದವರನ್ನೆಲ್ಲ ತೋಯಿಸಿದ್ದೆ. ಅವರಲ್ಲಿ ಭಾರೀ ಹೆಸರುವಾಸಿ ಪ್ರೋಟೀನೊಂದು ಸಿಕ್ಕಿದ್ದು ಕಂಡು ಅವಳು ಹಿಗ್ಗಿಹೋದಳು. ನಾನೂ ಮೀಸೆ ತಿರುವಿದೆ.

ಅವಳ ಗೈಡ್ ಮುನವಳ್ಳಿ ಸರ್ ಮಾತ್ರ ಫಲಿತಾಂಶವನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಫಲಿತಾಂಶವನ್ನೇ ನೋಡಿದರು.

“ಇಷ್ಟೂ ಮಂದಿ ಇದರ ಬೀಗರೇನವಾ? ಹಂದರದ ಬಾಗಲದಾಗ ಪನ್ನೀರ ಉಗ್ಗಾಂವಗ ಬೀಗರ್ಯಾರು, ಹಾದಿಹೋಕರ್ಯಾರು, ಏನ ಗೊತ್ತು?”

“ನಿಮ್ಮ ಮದವ್ಯಾಗೂ ಹಿಂಗ ಸಂಶೇ ಪಟ್ಟಿದ್ರೇನ್ರಿ ಸರ್?”

“ಪಟ್ಟಿದ್ದೆ. ಅದಕ್ಕ ಸಂಸಾರ ಇನ್ನೂ ನಡದೈತಿ. ಕಿಣ್ವಾನ ಯಾರ ಬಾಲಕ್ಕೂ ಕಟ್ಟದ ಒಂದ ಸಲ ಬಿಟ್ಟ ನೋಡು.”

ತಿರುವಿದ ಮೀಸೆಯನ್ನು ನಾನು ಮೆಲ್ಲಗೆ ಇಳಿಸಿದೆ. ಕೆಲವು ಕೋಶಗಳಲ್ಲಿ ನನ್ನನ್ನು ಒಂಟಿಯಾಗಿ ಬಿಟ್ಟರು, ಉಳಿದವುಗಳಲ್ಲಿ ಮೊದಲಿನಂತೆ ಬಾಲಕ್ಕೆ ಕಟ್ಟಿದರು. ಈ ಸಲ ನೀಲಾಂಬಿಕಾ ಜಾಗ ಬಿಟ್ಟು ಕದಲಲಿಲ್ಲ. ಹೊತ್ತಿಗೆ ಸರಿಯಾಗಿ ಎರಡನ್ನೂ ತೊಳೆದಳು. ಆ ಹೆಸರುವಾಸಿ ಪ್ರೋಟೀನು, ನಾನು ಒಂಟಿಯಾಗಿದ್ದಲ್ಲೂ ತೊಪ್ಪೆಯಾಗಿತ್ತು; ಅಂದರೆ ಅದು ಬೀಗನಲ್ಲ, ಬರೀ ಹಾದಿಹೋಕ. ಬಾಲಕ್ಕೆ ಕಟ್ಟಿದಲ್ಲಿ ಮಾತ್ರ ತೋಯ್ದದ್ದು ಯಾರೂ ಕೇಳರಿಯದ ಒಂದೇ ಒಂದು ಬಡಪಾಯಿ. ಅವಳ ಮುಖ ಬಾಡಿತು. ಆದರೂ ಮರುದಿನ ಆ ಬಡಪಾಯಿಯ ಹೆಸರನ್ನೇ ಪ್ರಬಂಧದ ತಲೆಬರಹಕ್ಕೆ ಏರಿಸಿದಳು. ಪದವಿ ಉಳಿಯಿತು.

ನಾನೀಗ ಡೀಪ್ ಫ್ರೀಜರಿನ ಮೂಲೆಯಲ್ಲಿ, ಹಿಮ ಮೆತ್ತಿದ ಪುಟ್ಟ ಸೀಸೆಯೊಳಗೆ ಕುಳಿತಿದ್ದೇನೆ. ಸಿಕ್ಕಿಬಿದ್ದ ಮೇಲೆ ಮುಚ್ಚಿಡುವುದೇನು? ಆ ಬಡಪಾಯಿ ಬಂದದ್ದೂ ನನಗೆ ಗೊತ್ತಾಗಿರಲಿಲ್ಲ. ಯಾರ ಭೇಟಿಯನ್ನೂ ನಾನು ಕಂಡವನಲ್ಲ. ನನಗೆ ಕಣ್ಣೇ ಇಲ್ಲ.